ಅರ್ಧ ಕಲ್ಲಂಗಡಿ

ತುರುವೇಕೆರೆ ಸೀಮೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲಿನ ಹೊತ್ತಿಗೆ ಅದರದೇ ಆದ ಸದ್ದಿದೆ. ಅಟ್ಟದಿಂದ ಇಳಿಸಿದ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಸುಲಿಯುವವನು ನೆಲಕ್ಕೆ ಊರಿದ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒಂದು ಸಲ ತಿರುಚಿದನೆಂದರೆ ಒಣಗಿದ ಸಿಪ್ಪೆ ಚರ್ರೆಂದು ಬಿಡಿಸಿಕೊಳ್ಳುತ್ತದೆ. ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು ಕೂತ ಹೆಂಗಸರು ಮಚ್ಚಿನ ಬೆನ್ನಿನಿಂದ ಟಕ್ ಟಕ್ ಎಂದು ಚಿಪ್ಪು ಒಡೆಯುತ್ತಾ, ಒಳಗಿನ ಉಂಡೆಗೆ ಏಟು ತಾಗದ ಹಾಗೆ ಕೊಬ್ಬರಿ ಬಿಡಿಸಿ ಎಸೆಯುತ್ತಾರೆ. ಹತ್ತಿರ ಹತ್ತಿರ ವರ್ಷದವರೆಗೆ ಅಟ್ಟದ ಕತ್ತಲಲ್ಲಿದ್ದ ಕಾಯಿ ಅದು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಧೂಳು, ನಾರು, ಎಣ್ಣೆಯ ಸಣ್ಣ ಘಮ, ಬಿಸಿಲಿಗೆ ಕಾದ ಹೆಂಚಿನ ವಾಸನೆ ಎಲ್ಲ ಕಲೆತು ಮೂಗಿಗೆ ಬರುತ್ತವೆ.

ಇಲ್ಲೇ ಜಗಲಿಯ ಮೇಲೆ ಕಂಬಕ್ಕೊರಗಿ ಕೂತುಕೊಳ್ಳಿ, ನೆರಳಿದೆ. ನನ್ನ ಕೈಯಲ್ಲಿರುವುದು ಜಪಾನಿನ ಚಿತ್ರಕಥೆಯ ಪುಸ್ತಕ. ಅಲ್ಲಿಯವರು ಇದನ್ನು ಮಾಂಗಾ ಅನ್ನುತ್ತಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಕೊಂಡು, ರೈಲಿನಲ್ಲಿ ಬಾಣಸಂದ್ರದವರೆಗೂ ಓದಿಕೊಂಡು ಬಂದದ್ದು. ಮುಖಪುಟದಲ್ಲಿ ಊಟದ ತಟ್ಟೆಗಳೂ ಇಬ್ಬರು ಗಂಡಸರೂ ಇದ್ದಾರೆ.

"ಅದೇನಪ್ಪಾ, ಕೊನೇಯಿಂದ ಓದ್ತಾ ಇದ್ದೀಯ?" ಕಾಯಿ ತುರಿಯುತ್ತಿದ್ದ ದೊಡ್ಡಮ್ಮ ಈಳಿಗೆಮಣೆ ಮೇಲಿಂದಲೇ ಕೇಳಿದರು.

ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ, ನಮ್ಮ ಕಣ್ಣಿಗೆ ಹಿಂದಿನಿಂದ ಮುಂದಕ್ಕೆ. ಇಂಗ್ಲಿಷಿಗೆ ತಂದವರೂ ಅದನ್ನು ಹಾಗೇ ಉಳಿಸಿದ್ದಾರೆ. ಈ ಪುಸ್ತಕದ ಹೆಸರೇ ಒಂದು ಪ್ರಶ್ನೆ: ನಿನ್ನೆ ಏನು ಊಟ ಮಾಡಿದೆ? ಫುಮಿ ಯೋಶಿನಾಗಾ ಎಂಬಾಕೆ 2007ರಲ್ಲಿ 'ಮಾರ್ನಿಂಗ್' ಎಂಬ ವಾರಪತ್ರಿಕೆಯಲ್ಲಿ ಶುರು ಮಾಡಿದ್ದು. ಸಂಪುಟಗಳು ಇಪ್ಪತ್ತನ್ನು ದಾಟಿವೆ. ಟೋಕಿಯೋದಲ್ಲೊಂದು ಸಾಧಾರಣ ಬಾಡಿಗೆ ಮನೆ. ಅದರಲ್ಲಿ ಶಿರೋ ಎಂಬ ವಕೀಲ, ಕೆಂಜಿ ಎಂಬ ಕ್ಷೌರ ಕಲಾವಿದ. ಕಥೆ ಶುರುವಾಗುವಾಗ ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರೂ ಒಬ್ಬರಿಗೊಬ್ಬರು ಸಂಗಾತಿ. ಶಿರೋ ಸಂಜೆ ಆರಕ್ಕೆಲ್ಲ ಕಚೇರಿ ಬಿಟ್ಟು, ಎಲ್ಲಿ ತೋಫು ಸೋವಿ, ಎಲ್ಲಿ ಸೊಪ್ಪು ಸೋವಿ ಎಂದು ಅಂಗಡಿ ಅಂಗಡಿ ಸುತ್ತಿ ಮನೆಗೆ ಬಂದು ಅಡಿಗೆಗೆ ನಿಲ್ಲುತ್ತಾನೆ. ಆಮೇಲೆ ಪುಟಗಟ್ಟಲೆ ಅಡಿಗೆಯೇ. ಅಕ್ಕಿ ತೊಳೆಯುವುದು, ಬೇರು ಹೆರೆಯುವುದು, ಒಂದು ಒಲೆಯಲ್ಲಿ ನೀರು ಕುದಿಯುವಷ್ಟರಲ್ಲಿ ಇನ್ನೊಂದರಲ್ಲಿ ಏನು ಇಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದು. ಅಣಬೆ ಹೆಚ್ಚುವ ಒಂದು ಚೌಕವನ್ನು ಈ ಲೇಖಕಿ ಎಷ್ಟು ಆಸ್ಥೆಯಿಂದ ಬರೆಯುತ್ತಾಳೆಂದರೆ ಚಾಕು ಹಲಗೆಗೆ ತಗಲುವ ಸದ್ದು ಕಿವಿಗೆ ಬೀಳುತ್ತದೆ. ಕೊನೆಗೆ ಕೆಂಜಿ ಬಂದು ತಟ್ಟೆಯ ಮುಂದೆ ಕೂತು ಮೊದಲ ತುತ್ತಿಗೇ ಕಣ್ಣರಳಿಸುತ್ತಾನೆ. ಪ್ರೇಮ ಎಂದರೆ ಇದರಲ್ಲಿ ಇಷ್ಟೇ. ಮುತ್ತಿಡುವ ಚಿತ್ರಕ್ಕೆ ಹುಡುಕಾಡಬೇಕು.

ಪುಟ ತಿರುಗಿಸುತ್ತಾ ಇಷ್ಟನ್ನೂ ದೊಡ್ಡಮ್ಮನಿಗೆ ಹೇಳಿದೆ. "ಅಣ್ಣತಮ್ಮಂದ್ರಾ?" ಎಂದರು. ಅಲ್ಲ, ಗಂಡಹೆಂಡಿರ ಹಾಗೆ ಇದ್ದಾರೆ ಎಂದೆ. ತುರಿಮಣೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. "ಇಬ್ಬರ ಊಟಕ್ಕೆ ತಿಂಗಳಿಗೆ ಎಷ್ಟಾಯ್ತದಂತೆ?"

ಅದಕ್ಕೂ ಪುಸ್ತಕದಲ್ಲಿ ಉತ್ತರವಿದೆ. ಆರಂಭದ ಕಂತುಗಳಲ್ಲಿ ಶಿರೋ ತಿಂಗಳ ಅಡಿಗೆ ಖರ್ಚನ್ನು 25,000 ಯೆನ್ನಿಗೆ ಕಟ್ಟಿಹಾಕಿರುತ್ತಾನೆ. ಈಗಿನ ಲೆಕ್ಕಕ್ಕೆ ನಮ್ಮ 14 ಸಾವಿರ ರೂಪಾಯಿಯ ಆಸುಪಾಸು. ಕೆಂಜಿ ದುಬಾರಿ ಐಸ್‌ಕ್ರೀಂ ತಂದರೆ ಜಗಳ. ಜಿಪುಣತನ ಎನ್ನುವಿರೇನೋ, ಆದರೆ ಶಿರೋನ ತಲೆಯಲ್ಲಿ ಬೇರೆಯದೇ ಲೆಕ್ಕವಿದೆ. ಮಕ್ಕಳಿಲ್ಲ, ನಾಳೆ ನೋಡಿಕೊಳ್ಳುವವರು ಯಾರೋ ಗೊತ್ತಿಲ್ಲ, ಹಾಗಾಗಿ ಮುಪ್ಪಿಗೆಂದು ಈಗಲೇ ಕೂಡಿಡಬೇಕು. ಪ್ರೇಮಕಥೆಯಲ್ಲಿ ಮುಪ್ಪಿನ ಉಳಿತಾಯದ ಮಾತು ಬರುವುದು ನನಗೆ ಬಹಳ ಇಷ್ಟ. ಪಾತ್ರಗಳಿಗೂ ಓದುಗರ ಜೊತೆಜೊತೆಗೇ ವಯಸ್ಸಾಗುತ್ತಾ ಬಂದು ಈಗ ಇಬ್ಬರೂ ಐವತ್ತು ದಾಟಿದ್ದಾರೆ.

ಜಪಾನಿನಲ್ಲಿ ಗಂಡು ಗಂಡಿನ ಪ್ರೇಮದ ಮಾಂಗಾ ಮೊದಲಿಗೆ ಹೀಗಿರಲಿಲ್ಲ. 1974ರಲ್ಲಿ ಮೋತೋ ಹಾಗಿಯೋ 'ಥಾಮಸ್‌ನ ಹೃದಯ' ಬರೆದಾಗ ಕಥೆ ನಡೆದದ್ದು ಜರ್ಮನಿಯ ವಸತಿಶಾಲೆಯೊಂದರಲ್ಲಿ, ಶುರುವಾದದ್ದೇ ಒಬ್ಬ ಹುಡುಗನ ಸಾವಿನಿಂದ. 1976ರಲ್ಲಿ ಬಂದ ಕೆಯಿಕೋ ತಾಕೆಮಿಯಾ ಅವರ 'ಗಾಳಿ ಮತ್ತು ಮರದ ಹಾಡು' ಹಳೆಯ ಫ್ರಾನ್ಸಿಗೆ ಹೋಯಿತು. ಅಲ್ಲೂ ಹೂವಿನಂಥ ಹುಡುಗರು, ಅಲ್ಲೂ ಕಣ್ಣೀರು. ಬರೆದವರು ಹೆಂಗಸರು, ಮುಗಿಬಿದ್ದು ಓದಿದವರು ಹುಡುಗಿಯರು. ಆ ಪ್ರೇಮ ದೂರದೇಶದ್ದಾಗಿರಬೇಕಿತ್ತು, ಚೆಂದವಾಗಿರಬೇಕಿತ್ತು, ಸಾಧ್ಯವಾದಷ್ಟೂ ಬೇಗ ಮುರಿದುಬೀಳಬೇಕಿತ್ತು. ಯೋಶಿನಾಗಾ ಅದೇ ಪರಂಪರೆಯಲ್ಲಿ ಬೆಳೆದವಳೇ. ಆದರೆ ಅವಳ ಗಂಡಸರು ಸಾಯುವ ಬದಲು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಂಡು ಎಣ್ಣೆ ಕಡಿಮೆ ಮಾಡುತ್ತಾರೆ.

ನಮ್ಮಲ್ಲಿ ಈ ಮಾತು ಬಂದಾಗ ಮೊದಲು ನೆನಪಾಗುವುದು ವಸುಧೇಂದ್ರರ 'ಮೋಹನಸ್ವಾಮಿ'. ಸಂಡೂರಿನಲ್ಲಿ ಹುಟ್ಟಿ, ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ಕಥೆ ಬರೆದು, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ಕನ್ನಡದ ಲೇಖಕ ಅವರು. ಸಂಕಲನ ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಕಲಮನ್ನು ಮತ್ತೆ ಜೀವಂತ ಮಾಡಿತು. ಆ ಕಲಮಿನ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಹಕ್ಕಿಗೆ 2023ರಲ್ಲೂ ಕೋರ್ಟು ಒಪ್ಪಲಿಲ್ಲ. ಮೋಹನಸ್ವಾಮಿಯ ಸಂಗಾತಿ ಕಾರ್ತಿಕ್ ಒಬ್ಬ ಹುಡುಗಿಯನ್ನು ಮದುವೆಯಾಗಲು ಹೊರಟುಬಿಡುತ್ತಾನೆ. ಆ ಪುಸ್ತಕ ಓದುವಾಗ ಗಂಟಲು ಕಟ್ಟುತ್ತದೆ, ಕಟ್ಟಲೇಬೇಕು. ಆದರೆ ಅದನ್ನು ಮುಚ್ಚಿಟ್ಟ ಮೇಲೆ ನನಗೆ ಒಂದು ಆಸೆ ಉಳಿಯಿತು. ಇಂಥ ಇಬ್ಬರು ಕನ್ನಡದಲ್ಲೂ ಯಾವ ಅವಸರವೂ ಇಲ್ಲದೆ ಅವರೆಕಾಳು ಸುಲಿಯುತ್ತಾ ಕೂತಿರುವ ಒಂದು ಕಥೆ ಇರಬೇಕು.

ಹಾಗಾಗಿಯೇ ನನಗೆ ಅತ್ಯಂತ ಪ್ರಿಯವಾದದ್ದು ಮೊದಲ ಸಂಪುಟದ ಕಲ್ಲಂಗಡಿ ಪ್ರಸಂಗ. ಅಂಗಡಿಯಲ್ಲಿ ಇಡೀ ಕಲ್ಲಂಗಡಿ ಸೋವಿಗೆ ಸಿಗುತ್ತಿದೆ, ಇಬ್ಬರಿರುವ ಮನೆಗೆ ಅಷ್ಟು ದೊಡ್ಡ ಹಣ್ಣು ಯಾಕೆ ಎಂದು ಶಿರೋ ನಿಂತಲ್ಲೇ ನಿಂತಿದ್ದಾನೆ. ಪಕ್ಕದಲ್ಲಿ ಕಾಯೋಕೋ ಎಂಬ ಗೃಹಿಣಿಯೂ ಅದೇ ಯೋಚನೆಯಲ್ಲಿದ್ದಾಳೆ. ಅರ್ಧರ್ಧ ಮಾಡಿಕೊಳ್ಳೋಣ ಎಂದು ಇಬ್ಬರೂ ಒಪ್ಪುತ್ತಾರೆ. ಹಣ್ಣು ಕೊಯ್ಯಲು ಅವಳ ಮನೆಗೇ ಹೋಗುತ್ತಾರೆ. ಒಳಗೆ ಹೋದ ಮೇಲೆ ಅವಳಿಗೆ ದಿಗಿಲು: ಗುರುತು ಪರಿಚಯ ಇಲ್ಲದ ಗಂಡಸನ್ನು ಮನೆಯೊಳಗೆ ಬಿಟ್ಟುಕೊಂಡೆನಲ್ಲ! ಅವಳ ಭಯ ಬಿಡಿಸಲು ಈ ಮನುಷ್ಯ, ಕಚೇರಿಯಲ್ಲಿ ಇಷ್ಟು ವರ್ಷ ಒಬ್ಬರಿಗೂ ಬಾಯಿಬಿಡದ ಗುಟ್ಟನ್ನು ಗುರುತಿಲ್ಲದ ಹೆಂಗಸಿನ ಮುಂದೆ ಹೇಳಿಬಿಡುತ್ತಾನೆ. ಅಲ್ಲಿಂದ ಮುಂದಕ್ಕೆ ಆ ಎರಡು ಮನೆಗಳ ನಡುವೆ ತರಕಾರಿ ಪಾಲು ನಡೆಯುತ್ತಲೇ ಇದೆ. ಯಾರೂ ಭಾಷಣ ಮಾಡುವುದಿಲ್ಲ.

ಇದನ್ನು ಕೇಳಿ ಚಿಪ್ಪು ಒಡೆಯುತ್ತಿದ್ದ ಹೆಂಗಸರೂ ಮಾತಿಗೆ ಬಂದರು. ಆಯಮ್ಮನ ಗಂಡ ಏನಂದ? ಬಯ್ಯಲಿಲ್ವಾ? ಇಲ್ಲ, ಖುಷಿಪಟ್ಟ, ತನ್ನ ಗುರುತಿನವರಲ್ಲೂ ಇಂಥವನೊಬ್ಬನಿದ್ದಾನೆಂದು ಭೇಟಿ ಮಾಡಿಸಿದ. ಅದು ಅವರಿಗೆ ಅಷ್ಟಾಗಿ ನಂಬಿಕೆ ಬರಲಿಲ್ಲ. ನನಗೂ ಆ ಜಾಗದಲ್ಲಿ ಲೇಖಕಿ ಕೊಂಚ ಸಲೀಸಾಗಿ ದಾಟಿಕೊಂಡಳು ಎನಿಸುತ್ತದೆ.

"ಅವರಮ್ಮನಿಗೆ ಗೊತ್ತಾ?" ದೊಡ್ಡಮ್ಮನ ಪ್ರಶ್ನೆ.

ಗೊತ್ತು. ಸಲೀಸಲ್ಲದ ಭಾಗ ಅದೇ. ಮಗ ಹೀಗೆಂದು ತಿಳಿದಾಗ ಆ ತಾಯಿ ಯಾವುದೋ ಹೊಸ ಮತದ ಹಿಂದೆ ಬಿದ್ದು ಹಣ ಸುರಿದಿದ್ದಾಳೆ. ವರ್ಷಗಳಾದ ಮೇಲೆ, ಹೊಸವರ್ಷದ ಹಬ್ಬಕ್ಕೆ ಕೆಂಜಿಯನ್ನೂ ಕರೆದುಕೊಂಡು ಬಾ ಎನ್ನುತ್ತಾರೆ. ಕೆಂಜಿ ಹೋಗುತ್ತಾನೆ, ಬಡಿಸುತ್ತಾರೆ, ಉಪಚಾರವೂ ಆಗುತ್ತದೆ. ಆದರೆ ಆಮೇಲೆ, ಇನ್ನು ಅವನನ್ನು ಕರೆತರುವುದು ಬೇಡ, ನನ್ನಿಂದ ಆಗುವುದಿಲ್ಲ ಎಂಬ ಮಾತು ಬರುತ್ತದೆ. ಶಿರೋ ಕೂಗಾಡುವುದಿಲ್ಲ. ಹಾಗಾದರೆ ಹಬ್ಬವನ್ನು ಇನ್ನು ಕೆಂಜಿಯ ಜೊತೆಗೇ ಮಾಡುತ್ತೇನೆ ಎಂದು ತೀರ್ಮಾನಿಸುತ್ತಾನೆ. ಈ ಕಥೆ 2021ರಲ್ಲಿ ಸಿನಿಮಾ ಆದಾಗಲೂ ಇದನ್ನು ಉಳಿಸಿಕೊಂಡಿದ್ದಾರೆ.

"ಆಯಮ್ಮನ ಸಂಕಟ ಆಯಮ್ಮನಿಗೆ," ಎಂದರು ದೊಡ್ಡಮ್ಮ. ಸ್ವಲ್ಪ ತಡೆದು, "ಆದ್ರೂ ಹಬ್ಬದ ದಿನ ಮನೆಗೆ ಬಂದೋನಿಗೆ ಇನ್ನೊಂದಪ ಬರಬೇಡ ಅನ್ನಬಾರದಾಗಿತ್ತು," ಎಂದು ತಾಯಿಯ ಪಕ್ಷ ಬಿಟ್ಟರು. ಇಲ್ಲ, ಪೂರ್ತಿ ಬಿಡಲಿಲ್ಲ. ನಮ್ಮೂರಲ್ಲಾಗಿದ್ದರೆ ಆ ಹುಡುಗರಿಗೆ ಯಾರೂ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ ಎಂದೂ ಸೇರಿಸಿದರು. ಅಂಗಳದಲ್ಲಿದ್ದ ಯಾರೂ ಅದಕ್ಕೆ ಎದುರಾಡಲಿಲ್ಲ, ನಾನೂ ಆಡಲಿಲ್ಲ.

ಆಮೇಲೆ ಪುಸ್ತಕವನ್ನೇ ಕೈಗೆ ತೆಗೆದುಕೊಂಡು, ತುರಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿ, ಊಟದ ಚಿತ್ರಗಳನ್ನಷ್ಟೇ ಒಂದೊಂದಾಗಿ ನೋಡುತ್ತಾ ಹೋದರು. ಇದೇನು? ಮೀನು, ಬೇರು, ಅಣಬೆ ಹಾಕಿ ಬೇಯಿಸಿದ ಅನ್ನ. ಇದು? ಸೊಪ್ಪು, ಸೋಯಾ ಸಾಸಿನಲ್ಲಿ ಬೇಯಿಸಿದ್ದು. ಇದು? ಮಿಸೋ ಸಾರು. ಕಾಯಿ ಎಲ್ಲಿ ಹಾಕ್ತಾರೆ ಎಂದು ಕೇಳಿದರು. ಹಾಕುವುದಿಲ್ಲ ಎಂದೆ. ಯಾವುದಕ್ಕೂನಾ? ಯಾವುದಕ್ಕೂ ಇಲ್ಲ. ಗಂಡಸರಿಬ್ಬರು ಸಂಸಾರ ಹೂಡಿದ್ದನ್ನು ಕೇಳಿಯೂ ಬಿಡದ ಈಳಿಗೆಮಣೆಯನ್ನು ಬಿಟ್ಟು ಎದ್ದರು. "ಒಂದು ಹೋಳು ಕಾಯಿನೂ ಇಲ್ದೆ ಅದೆಂಥಾ ಬಾಳಾಟನೋ," ಎನ್ನುತ್ತಾ ತುರಿದ ಕಾಯಿಯ ತಟ್ಟೆ ಎತ್ತಿಕೊಂಡು, ರಾತ್ರಿ ಸಾರಿಗೆ ಖಾರ ರುಬ್ಬಲು ಒಳಗೆ ಹೋದರು.