ಕಣ್ಣಿಗೆ ಕಟ್ಟಿದ್ದೆಲ್ಲ ಕಲಿಕೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದವು. ಈ ಜಿಲ್ಲೆಯ ಹಿರಿಮೆಯಾದ ಹಂಪಿ ಈಗ ಗಣಕಯಂತ್ರದೊಳಗೂ ಇದೆ. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ಮತ್ತು ಸಂಗಡಿಗರು 2006ರಲ್ಲಿ ರೂಪಿಸಿದ ‘ಪ್ಲೇಸ್–ಹಂಪಿ’ಯಲ್ಲಿ ನೋಡುಗನ ಸುತ್ತಲೂ ದುಂಡಗಿನ ತೆರೆ. ವಿಶೇಷ ಕನ್ನಡಕ ಧರಿಸಿದರೆ ಗುಡಿ, ಬಂಡೆಗಳ ನಡುವೆಯೇ ನಿಂತ ಅನುಭವ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ‘ಡಿಜಿಟಲ್ ಹಂಪಿ’ ಯೋಜನೆಯೂ ಸ್ಮಾರಕಗಳನ್ನು ಇಂಥ ಮಿಥ್ಯಾವಾಸ್ತವದಲ್ಲಿ ಮರುಸೃಷ್ಟಿಸಿತು.

ಇದನ್ನು ಶಾಲೆಗೆ ತಂದರೆ ಪ್ರವಾಸದ ಖರ್ಚಿಲ್ಲದೆ ಹಳ್ಳಿ ಮಕ್ಕಳಿಗೂ ಹಂಪಿ ದಕ್ಕೀತು. ಆದರೆ ತೋರಿಸುವುದು, ಕಲಿಸುವುದು ಎರಡೂ ಒಂದೇ ಅಲ್ಲ.

ಗೈಡೋ ಮಕ್ರಾನ್‌ಸ್ಕಿ, ರಿಚರ್ಡ್ ಮೇಯರ್ ಮೊದಲಾದವರು 52 ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ಪಾಠವೊಂದನ್ನು ಎರಡು ಬಗೆಯಲ್ಲಿ ಕೊಟ್ಟರು: ಸಾಮಾನ್ಯ ಪರದೆಯಲ್ಲಿ ಮತ್ತು ತಲೆಗೆ ತೊಡುವ ಸಾಧನದಲ್ಲಿ. 2019ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಸಾಧನ ತೊಟ್ಟಾಗ ‘ಅಲ್ಲೇ ಇದ್ದೇವೆ’ ಎಂಬ ಭಾವ ಹೆಚ್ಚಿತು, ಕಲಿತದ್ದು ಮಾತ್ರ ಕಡಿಮೆಯಾಯಿತು. ಕಣ್ಣು ತುಂಬಿದಷ್ಟೂ ಮನಸ್ಸಿನ ಮೇಲಿನ ಹೊರೆ ಏರುತ್ತದೆ. ಇದಕ್ಕೆ ಮದ್ದೂ ಇದೆ. ಜೋಸ್ಲಿನ್ ಪರಾಂಗ್ ಮತ್ತು ಮೇಯರ್ ಅವರ 2018ರ ಅಧ್ಯಯನದಲ್ಲಿ, ನಡುನಡುವೆ ನಿಲ್ಲಿಸಿ ಕಂಡದ್ದನ್ನು ಸ್ವಂತ ಮಾತಿನಲ್ಲಿ ಬರೆದವರು ಒಂದೇ ಓಟದಲ್ಲಿ ನೋಡಿದವರಿಗಿಂತ ಚೆನ್ನಾಗಿ ಕಲಿತಿದ್ದರು.

ಇತಿಹಾಸದ ಪಾಠದಲ್ಲಿ ಇನ್ನೊಂದು ತೊಡಕಿದೆ. ಮಹಾನವಮಿ ದಿಬ್ಬದ ಕಲ್ಲಿನ ಜಗತಿ ಉಳಿದಿದೆ. ಮೇಲಿನ ಮರದ ಮಂಟಪ ಉಳಿದಿಲ್ಲ. ಅರಮನೆಗಳಲ್ಲೂ ಉಳಿದಿರುವುದು ಬಹುಮಟ್ಟಿಗೆ ತಳಪಾಯವೇ. ಗಣಕಯಂತ್ರ ಅದರ ಮೇಲೆ ಕಂಬ, ಚಾವಣಿ ನಿಲ್ಲಿಸಿದಾಗ ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದು ಮಗುವಿಗೆ ತಿಳಿಯುವುದು ಹೇಗೆ? ಕಂಡದ್ದೆಲ್ಲ ನಿಜವೆಂದೇ ಅದು ನಂಬೀತು. ಆ ಗೆರೆಯನ್ನು ಎಳೆದು ತೋರಿಸಬೇಕಾದವರು ಮೇಷ್ಟ್ರು.

ಅದಕ್ಕೆ ತಾಲೀಮು ಹತ್ತಿರದಲ್ಲೇ ಉಂಟು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯಿದೆ, ಅಲ್ಲಿ ಕ್ರಿ.ಶ. 987ರ ಶಾಸನವೂ ಇದೆ. ಅಂಥ ಗುಡಿಯ ಕಂಬ ಮುಟ್ಟಿ, ಬಿದ್ದ ಭಾಗ ಹೇಗಿದ್ದೀತೆಂದು ತಾವೇ ಊಹಿಸಿದ ಮಕ್ಕಳು ತೆರೆಯ ಮೇಲಿನ ಹಂಪಿಯನ್ನು ಬೆರಗಿನಿಂದ ನೋಡಿಯಾರು, ‘ಇದು ಹೀಗೇ ಇತ್ತೆಂದು ಹೇಗೆ ಗೊತ್ತು?’ ಎಂದೂ ಕೇಳಿಯಾರು. ಕಲಿಕೆ ಶುರುವಾಗುವುದು ಆ ಪ್ರಶ್ನೆಯಿಂದಲೇ.