‘ಮದ್ದು’ ಎಂಬ ಶಬ್ದವೂ ನರಗಳ ಅಯಾನುದ್ವಾರಗಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ರೋಗಿಗೆ ಕೊಡುವುದೂ ‘ಮದ್ದು’, ಗೇರುಮರಕ್ಕೆ ಸಿಂಪಡಿಸುವುದೂ ‘ಮದ್ದು’. ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿರುವುದು ಎಷ್ಟುಮಟ್ಟಿಗೆ ಯುಕ್ತವೆಂಬುದನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದ ನಿದರ್ಶನದಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

‘ಅಯಾನು’ ಎಂಬುದು ೧೮೩೪ರಲ್ಲಿ ಫ್ಯಾರಡೆಯು ಬಳಕೆಗೆ ತಂದ ಗ್ರೀಕ್ ಪದ. ‘ಹೋಗುವಂಥದು’ ಎಂದು ಅದರ ಅರ್ಥ. ಗತ್ಯರ್ಥಕವಾದ ನಮ್ಮ ‘ಇ’ ಧಾತುವೂ ಅದರಿಂದಾದ ‘ಅಯನ’ ಶಬ್ದವೂ ಅದಕ್ಕೆ ಸಗೋತ್ರಗಳೇ. ವಿದ್ಯುದಂಶವುಳ್ಳ ಈ ಕಣಗಳು ನರಕೋಶದ ಪೊರೆಯನ್ನು ದಾಟಲು ಪ್ರೋಟೀನಿನಿಂದಾದ ಸೂಕ್ಷ್ಮದ್ವಾರಗಳುಂಟು. ಸೋಡಿಯಂ ಒಳಹೊಕ್ಕರೆ ನರವು ಉದ್ರಿಕ್ತವಾಗುತ್ತದೆ. ಕ್ಲೋರೈಡು ಒಳಹೊಕ್ಕರೆ ಪ್ರಾಯಶಃ ಆ ಉದ್ರೇಕವು ಶಮಿಸುತ್ತದೆ. ಮಿದುಳಿನಲ್ಲಿ ಈ ಶಾಮಕದ್ವಾರವನ್ನು ತೆರೆಯತಕ್ಕದ್ದು ‘ಗಾಬಾ’ ಎಂಬ ದ್ರವ್ಯ.

ಎಂಡೋಸಲ್ಫಾನ್ ಆ ದ್ವಾರಕ್ಕೆ ಬೆಣೆಯಂತೆ ಅಡ್ಡಲಾಗುತ್ತದೆ. ಮೀನನ್ನು ಮಂಕುಗೊಳಿಸಲು ಪೂರ್ವದಿಂದಲೂ ಬಳಸುತ್ತಿದ್ದ ಕಾಕಮಾರಿ ಬೀಜದ ವಿಷವೂ ಅದೇ ಎಡೆಯಲ್ಲಿ ವ್ಯಾಪಾರ ನಡೆಸುವುದೆಂಬುದು ಗಮನಾರ್ಹ. ಶಮನವು ತಪ್ಪಿದ ಮೇಲೆ ಉದ್ರೇಕಕ್ಕೆ ಅಂಕೆಯಿಲ್ಲ. ಅದರ ಫಲವೇ ಸೆಳವು. ನಮ್ಮ ವೈದ್ಯಗ್ರಂಥಗಳು ಸ್ಮೃತಿಯ ಅಪಗಮವನ್ನೇ ಮುಖ್ಯವಾಗಿ ಗಣಿಸಿ ‘ಅಪಸ್ಮಾರ’ವೆಂದವು, ಇಂದಿನ ಶಾಸ್ತ್ರವು ಕೆಲವು ಅಪಸ್ಮಾರಗಳಿಗೆ ಜನ್ಮತಃ ಬಂದ ದ್ವಾರದೋಷವೇ ಮೂಲವೆಂದು ತೋರಿಸಿದೆ. ಅಲ್ಲಿ ದೋಷವು ಸಹಜ, ಇಲ್ಲಿ ಆಗಂತುಕ, ಇದಿಷ್ಟೇ ಭೇದ.

ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ, ೨೦೦೦ದವರೆಗೂ, ಆಕಾಶದಿಂದ ಈ ದ್ರವವನ್ನು ಚಿಮುಕಿಸಿದರು; ಕರ್ನಾಟಕದ ಕರಾವಳಿಯ ಗೇರುತೋಟಗಳಲ್ಲಿಯೂ ಇದನ್ನು ಪ್ರಯೋಗಿಸಿದರು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಇದನ್ನು ತಡೆಯಿತು. ಉಡುಪಿ ಜಿಲ್ಲೆಯ ಸಂತ್ರಸ್ತರಿಗೂ ಸರಕಾರವು ಮಾಸಾಶನವನ್ನು ಗೊತ್ತುಪಡಿಸಿದೆ.

ಇಲ್ಲಿ ಒಂದು ವಿವೇಕವು ಅವಶ್ಯ. ವಿಷವು ಮೈಗೆ ಹೊಕ್ಕ ಕೂಡಲೆ ಬರುವ ಸೆಳವಿಗೆ ಕಾರಣವು ಮೇಲ್ಕಂಡಂತೆ ಸ್ಪಷ್ಟವಾಗಿದೆ. ಆದರೆ ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಬುದ್ಧಿಮಾಂದ್ಯಗಳೆಲ್ಲವನ್ನೂ ಈ ಒಂದೇ ದ್ವಾರಕ್ಕೆ ಆರೋಪಿಸಿದರೆ ಅತಿವ್ಯಾಪ್ತಿದೋಷವಾದೀತು. ಅವುಗಳ ಕಾರಣವನ್ನು ಒಂದೊಂದಾಗಿ ಶೋಧಿಸಬೇಕು. ಕಾರಣವು ನಿರ್ಣಯವಾಗಲಿಲ್ಲವೆಂದು ಪೀಡಿತರ ಪೋಷಣೆಯನ್ನು ಮುಂದೂಡುವುದು ಮಾತ್ರ ನ್ಯಾಯವಲ್ಲ.

ಇನ್ನು ಶಬ್ದದ ಮಾತು. ಸಿಡಿಮದ್ದಿಗೂ ಈ ಹೆಸರುಂಟಾದರೂ ಅದನ್ನು ಕಂಡವರು ತಾವಾಗಿಯೇ ದೂರ ಸರಿಯುತ್ತಾರೆ. ಗಿಡಕ್ಕೆ ಹೊಡೆಯುವ ‘ಮದ್ದು’ ಅಂತಹ ಶಂಕೆಯನ್ನು ಹುಟ್ಟಿಸದು. ಆದುದರಿಂದ ಕೋಶಕಾರರೂ ಉಪಾಧ್ಯಾಯರೂ ಇದನ್ನು ‘ಕೀಟವಿಷ’ವೆಂದೇ ಬರೆದು ಕಲಿಸುವುದು ಉಚಿತವೆಂದು ನನ್ನ ಅಭಿಪ್ರಾಯ.