ಕಾದಂಬರಿಗೆ ‘ನಾಳೆ ಬಾ’ ಎನ್ನುವವರು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಮನೆಮನೆಯ ಬಾಗಿಲ ಮೇಲೂ ‘ನಾಳೆ ಬಾ’ ಎಂಬ ಬರಹ ಕಾಣಿಸುತ್ತಿತ್ತು. ರಾತ್ರಿ ದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಕಥೆ ಮುಗಿಯಿತು ಎಂಬ ವದಂತಿ. ಬರಹ ಓದಿದ ದೆವ್ವ ಹಿಂದಿರುಗುತ್ತದೆ, ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. ದೆವ್ವದ ಬುದ್ಧಿಮಟ್ಟದ ಬಗ್ಗೆ ಅನುಮಾನ ಪಡಬಹುದು. ಉಪಾಯ ಹೂಡಿದವರ ಮನಸ್ಸು ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ: ‘ನಾಳೆ’ ಎಂದರೆ ಇವತ್ತು ರಾತ್ರಿ ನಿದ್ದೆ ಬರುತ್ತದೆ.

ಕಾದಂಬರಿ ಬರೆಯಬೇಕು ಎಂದು ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇರುವವರು ಮಾಡುವುದೂ ಇದನ್ನೇ. ಅವರನ್ನು ಸೋಮಾರಿಗಳು ಎನ್ನುವಂತಿಲ್ಲ. ಬರೆಯಲು ಕೂರಬೇಕಾದ ಭಾನುವಾರ ಬೆಳಿಗ್ಗೆ ಅವರು ಪುಸ್ತಕದ ಕಪಾಟು ಒರೆಸುತ್ತಾರೆ, ಗ್ಯಾಸ್ ಸಿಲಿಂಡರ್ ಬುಕ್ ಮಾಡುತ್ತಾರೆ, ಯಾವ ಕೀಲಿಮಣೆಯಲ್ಲಿ ಕನ್ನಡ ಟೈಪಿಸಿದರೆ ಸಲೀಸು ಎಂದು ಗೆಳೆಯರ ಜೊತೆ ಒಂದು ಗಂಟೆ ವಾದ ಮಾಡುತ್ತಾರೆ. ಆ ಒಂದು ಕೆಲಸ ಬಿಟ್ಟು ಉಳಿದೆಲ್ಲವೂ ಚಕಚಕನೆ ಆಗುತ್ತವೆ. ಇಂಥ ಮುಂದೂಡಿಕೆಗೂ ಗಡಿಯಾರಕ್ಕೂ ಅಷ್ಟೇನೂ ಸಂಬಂಧವಿಲ್ಲ ಎಂದು ಮನಶ್ಶಾಸ್ತ್ರಜ್ಞರಾದ ಫ್ಯೂಷಾ ಸಿರೋಯಿಸ್ ಮತ್ತು ಟಿಮ್ ಪಿಚಿಲ್ 2013ರಲ್ಲಿ ವಾದಿಸಿದರು. ಖಾಲಿ ಪುಟದ ಮುಂದೆ ಕೂತಾಗ ಅಳುಕು, ಬೇಸರ, ‘ನನ್ನಿಂದಾಗುತ್ತದೆಯೇ’ ಎಂಬ ಶಂಕೆ ಹುಟ್ಟುತ್ತವೆ. ಎದ್ದು ಹೋದರೆ ಆ ಕ್ಷಣವೇ ಹಗುರಾಗುತ್ತದೆ. ಮಿದುಳು ನೆನಪಿಟ್ಟುಕೊಳ್ಳುವುದು ಈ ಹಗುರಾದ ಸುಖವನ್ನೇ.

ಇದನ್ನು ಪರೀಕ್ಷಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಅಮೆರಿಕದ ಡಯಾನ್ ಟೈಸ್ ಮತ್ತು ಸಂಗಡಿಗರು ಅದನ್ನು 2001ರಲ್ಲಿ ಪ್ರಕಟಿಸಿದರು. ಗಣಿತದ ಪರೀಕ್ಷೆಯೊಂದಕ್ಕೆ ತಯಾರಾಗಲು ವಿದ್ಯಾರ್ಥಿಗಳಿಗೆ ಹದಿನೈದು ನಿಮಿಷ ಕೊಟ್ಟು, ಪಕ್ಕದಲ್ಲೇ ವಿಡಿಯೋ ಗೇಮ್, ಮ್ಯಾಗಜೀನು ಇಟ್ಟರು. ಅದಕ್ಕೂ ಮೊದಲೇ ಕೆಲವರ ಮನಸ್ಸು ಕೆಡುವಂತೆ ಮಾಡಿದ್ದರು. ಮನಸ್ಸು ಕೆಟ್ಟವರು ಓದು ಬಿಟ್ಟು ಆಟಕ್ಕೆ ಕೈಹಾಕಿದರು, ಇದು ನಿರೀಕ್ಷಿತವೇ. ಇನ್ನು ಕೆಲವರ ಮುಂದೆ ಸುವಾಸನೆಯ ಮೇಣದಬತ್ತಿ ಇಟ್ಟು, ‘ಇದರ ಪರಿಮಳದಿಂದ ನಿಮ್ಮ ಮನಸ್ಥಿತಿ ಸ್ವಲ್ಪ ಹೊತ್ತು ಹೀಗೇ ಇರುತ್ತದೆ, ಏನು ಮಾಡಿದರೂ ಬದಲಾಗದು’ ಎಂದು ನಂಬಿಸಿದ್ದರು. ಅವರ ಮನಸ್ಸೂ ಅಷ್ಟೇ ಕೆಟ್ಟಿತ್ತು. ಆದರೂ ಅವರು ಕಾಲಹರಣ ಮಾಡಲಿಲ್ಲ. ಆಟವಾಡಿದರೂ ಸಮಾಧಾನ ಸಿಗದು ಎಂದಾದ ಮೇಲೆ ಆಟವೇಕೆ?

ಕಾದಂಬರಿ ಇಂಥ ಪಲಾಯನಕ್ಕೆ ಹೇಳಿಮಾಡಿಸಿದ ಕೆಲಸ. ಕೆನಡಾದ ಪಿಯರ್ಸ್ ಸ್ಟೀಲ್ 2007ರಲ್ಲಿ ಅದುವರೆಗಿನ ನೂರಾರು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಹಾಕಿ ನೋಡಿದರು. ಕೆಲಸ ಅಹಿತವೆನಿಸಿದಷ್ಟೂ, ಅದು ಕೈಗೂಡುತ್ತದೆಂಬ ಭರವಸೆ ಕಡಿಮೆಯಾದಷ್ಟೂ, ಪ್ರತಿಫಲ ದೂರವಾದಷ್ಟೂ ಮುಂದೂಡಿಕೆ ಹೆಚ್ಚು. ಕಾದಂಬರಿಯಲ್ಲಿ ಮೂರೂ ಒಟ್ಟಿಗೇ ಇವೆ. ಕಾಯುವ ಮೇಲಧಿಕಾರಿಯಿಲ್ಲ, ಮುಗಿಯುವುದು ಎಲ್ಲಿ ಎಂಬ ಗುರುತಿಲ್ಲ, ಪ್ರಕಾಶಕರು ಸಿಗುವುದು ಯಾವ ಕಾಲಕ್ಕೋ! ಅದೇ ವಿಶ್ಲೇಷಣೆಯ ಇನ್ನೊಂದು ಅಂಶ ಬರಹಗಾರರಿಗೆ ರುಚಿಸಲಾರದು. ‘ನಾನು ಪರ್ಫೆಕ್ಷನಿಸ್ಟ್, ಅದಕ್ಕೇ ತಡ’ ಎಂಬುದು ನಮ್ಮ ಅಚ್ಚುಮೆಚ್ಚಿನ ಸಮರ್ಥನೆ. ಪರಿಪೂರ್ಣತೆಯ ಹಂಬಲಕ್ಕೂ ಮುಂದೂಡಿಕೆಗೂ ಸ್ಟೀಲ್ ಕಂಡ ನಂಟು ತೀರಾ ದುರ್ಬಲ. ತಕ್ಷಣದ ಆಸೆಗೆ ಸೋಲುವ ಚಪಲದ ಜೊತೆಗಿನ ನಂಟು ಗಟ್ಟಿ.

ಹಾಗಾದರೆ ಬಿಗಿಯಾದ ಗಡುವೊಂದು ಇದ್ದರೆ ಎಲ್ಲ ಸರಿಹೋದೀತೇ? ದಾಸ್ತಯೇವ್‌ಸ್ಕಿಯ ಕಥೆ ಕೇಳಿ. 1865ರ ಬೇಸಿಗೆಯಲ್ಲಿ ಸಾಲದಲ್ಲಿ ಮುಳುಗಿದ್ದ ಆತ ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕನಿಂದ 3000 ರೂಬಲ್ ಪಡೆದು ಒಂದು ಕರಾರಿಗೆ ಸಹಿ ಹಾಕಿದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ಆತ ಬರೆದದ್ದನ್ನೆಲ್ಲ ಪ್ರಕಾಶಕ ಬಿಡಿಗಾಸು ಕೊಡದೆ ಅಚ್ಚುಹಾಕಬಹುದು. ಇದಕ್ಕಿಂತ ಭೀಕರ ಗಡುವು ಇದ್ದೀತೇ? ಆದರೂ 1866ರ ಅಕ್ಟೋಬರ್ ಬಂದಾಗ ಆ ಕಾದಂಬರಿಯ ಒಂದು ಸಾಲೂ ಆಗಿರಲಿಲ್ಲ. ‘ಅಪರಾಧ ಮತ್ತು ಶಿಕ್ಷೆ’ಯ ಕಂತುಗಳನ್ನು ಬರೆಯುತ್ತಿದ್ದನೆಂಬುದು ನಿಜ, ಗಡುವಿನ ಭಯ ಒಂದಿಡೀ ವರ್ಷ ಏನೂ ಕೆಲಸ ಮಾಡಲಿಲ್ಲ ಎಂಬುದೂ ಅಷ್ಟೇ ನಿಜ. ಗೆಳೆಯರು ಆಳಿಗೊಂದು ಅಧ್ಯಾಯ ಬರೆದುಕೊಡಲು ಮುಂದಾದರು. ಪರರ ಬರಹಕ್ಕೆ ತನ್ನ ಹೆಸರು ಹಾಕಲು ಆತ ಒಪ್ಪಲಿಲ್ಲ.

ಕೊನೆಗೆ ಗೆಳೆಯನೊಬ್ಬನ ಸಲಹೆಯಂತೆ ಶೀಘ್ರಲಿಪಿಗಾರ್ತಿಯೊಬ್ಬಳನ್ನು ಗೊತ್ತುಮಾಡಿದರು. ಇಪ್ಪತ್ತು ವರ್ಷದ ಅನ್ನಾ ಸ್ನಿತ್ಕಿನಾ ಅಕ್ಟೋಬರ್ 4ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ಆತನ ಮನೆಗೆ ಬಂದಳು. ಅಲ್ಲಿಂದ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಬರುವುದು, ಅವನು ಹೇಳಿದ್ದನ್ನು ಬರೆದುಕೊಳ್ಳುವುದು, ನಡುವೆ ಚಹಾ, ಒಂದಿಷ್ಟು ಮಾತು, ನಾಲ್ಕರ ಹೊತ್ತಿಗೆ ಮನೆಗೆ. ರಾತ್ರಿ ಕೂತು ಶುದ್ಧಪ್ರತಿ ಮಾಡಿ ಮರುದಿನ ತರುತ್ತಿದ್ದಳು. ಎಷ್ಟು ಪುಟವಾಯಿತೆಂದು ಆತ ಎಣಿಸುತ್ತಿದ್ದ. ಪುಟ ಹೆಚ್ಚಿದಂತೆ ಉತ್ಸಾಹವೂ ಹೆಚ್ಚಿತು. ಮೊದಮೊದಲು ಸ್ಥಳದಲ್ಲೇ ಹೊಳೆದದ್ದನ್ನು ತಡವರಿಸುತ್ತ ಹೇಳುತ್ತಿದ್ದವನು, ಆಮೇಲೆ ಮರುದಿನಕ್ಕೆಂದು ರಾತ್ರಿಯೇ ಬರೆದಿಟ್ಟುಕೊಳ್ಳತೊಡಗಿದ. ‘ಜೂಜುಗಾರ’ 26 ದಿನಗಳಲ್ಲಿ ಮುಗಿಯಿತು. ಒಪ್ಪಿಸಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆಯಬೇಕಾಯಿತು. ಕರಾರು ತೀರಿತು, ಪದ್ಧತಿ ತೀರಲಿಲ್ಲ. ‘ಅಪರಾಧ ಮತ್ತು ಶಿಕ್ಷೆ’ಯ ಕೊನೆಯ ಭಾಗಕ್ಕೂ ಅನ್ನಾಳೇ ಬಂದು ಕೂತಳು. 1867ರ ಫೆಬ್ರವರಿಯಲ್ಲಿ ಅವರ ಮದುವೆಯಾಯಿತು. (ರಾತ್ರಿಯ ನಕಲು ಕೆಲಸವನ್ನು ಮುಂದೂಡುವ ಸೌಲಭ್ಯ ಅನ್ನಾಳಿಗೆ ಇರಲಿಲ್ಲ ಎಂಬುದನ್ನೂ ನೆನೆಯೋಣ.)

ದೂರದ ಒಂದು ದೊಡ್ಡ ಗಡುವು ಸೋತ ಕಡೆ ದಿನದ ಪುಟ್ಟ ಗಡುವು ಗೆದ್ದಿತು. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ 2002ರಲ್ಲಿ ಇದನ್ನೇ ಅಳೆದು ತೋರಿಸಿದರು. ಮೂರು ಲೇಖನಗಳ ತಪ್ಪು ತಿದ್ದುವ ಕೆಲಸ. ಒಂದು ಗುಂಪಿಗೆ ವಾರಕ್ಕೊಂದರಂತೆ ಗಡುವು, ಇನ್ನೊಂದಕ್ಕೆ ಮೂರನ್ನೂ ಕೊನೆಯ ದಿನ ಕೊಟ್ಟರಾಯಿತು, ಮತ್ತೊಂದಕ್ಕೆ ಗಡುವನ್ನು ತಾವೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ. ಹೆಚ್ಚು ತಪ್ಪು ಹಿಡಿದವರು ವಾರದ ಗಡುವಿನವರು, ಎಲ್ಲರಿಗಿಂತ ಹಿಂದೆ ಬಿದ್ದವರು ಕೊನೆಯ ದಿನದವರು. ಸ್ವತಂತ್ರರು ನಡುವೆ ನಿಂತರು. ನಮ್ಮ ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ವರ್ಷವರ್ಷವೂ ಕಥೆಗಳನ್ನು ಬರೆಸುತ್ತದೆ. ಕೊನೆಯ ವಾರ ನಿದ್ದೆಗೆಟ್ಟು ಸಣ್ಣಕಥೆ ಮುಗಿಸಬಹುದು. ಕಾದಂಬರಿಗೆ ಆ ಉಪಾಯ ಸಾಲದು. ಅದಕ್ಕೆ ವಾರಪತ್ರಿಕೆಯ ಧಾರಾವಾಹಿಯೇ ಬೇಕಿತ್ತು. ಮುಂದಿನ ಕಂತು ಎಲ್ಲಿ ಎಂದು ಸಂಪಾದಕರು ಕೇಳುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಎಷ್ಟೊಂದು ಕಾದಂಬರಿಗಳು ಮುಗಿದವು!

‘ಹೀಗೆ ಗಂಟೆ ಹೊಡೆದು ಕೂತರೆ ಸ್ಫೂರ್ತಿ ಬರುತ್ತದೆಯೇ’ ಎಂಬ ಆಕ್ಷೇಪ ಇದ್ದೇ ಇದೆ. ಅಮೆರಿಕದ ರಾಬರ್ಟ್ ಬಾಯ್ಸ್ ಬರೆಯಲು ಕೈಸಾಗದೆ ಒದ್ದಾಡುತ್ತಿದ್ದ 27 ಮಂದಿ ಅಧ್ಯಾಪಕರನ್ನು ಮೂರು ಪಾಲು ಮಾಡಿ ಇದನ್ನು ಪರೀಕ್ಷಿಸಿದರು. ತೀರಾ ಅಗತ್ಯವಿಲ್ಲದಿದ್ದರೆ ಬರೆಯಬೇಡಿ ಎಂದು ಒಂದು ಗುಂಪಿಗೆ, ಮನಸ್ಸಾದಾಗ ಬರೆಯಿರಿ ಎಂದು ಇನ್ನೊಂದಕ್ಕೆ ಹೇಳಿದರು. ಮೂರನೆಯ ಗುಂಪು ದಿನದ ಪಾಲು ಬರೆಯಲೇಬೇಕು, ತಪ್ಪಿದರೆ ತಮಗೆ ಆಗದ ಸಂಸ್ಥೆಯೊಂದಕ್ಕೆ ದೇಣಿಗೆ ಕೊಡಬೇಕು. ಪುಟಗಳು ಹೆಚ್ಚಾದದ್ದು ಸಹಜ. ಆದರೆ ಹೊಸ ವಿಚಾರಗಳೂ ಕಡ್ಡಾಯದವರಿಗೇ ಹೆಚ್ಚು ಹೊಳೆದವು: ಅವರಿಗೆ ಸುಮಾರು ದಿನಕ್ಕೊಂದು, ಮನಸ್ಸಾದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೇ ಇದ್ದವರಿಗೆ ಐದು ದಿನಕ್ಕೊಂದು. 1983ರ ಈ ಅಧ್ಯಯನ ಚಿಕ್ಕದು, ಅದರಲ್ಲಿದ್ದವರು ಕಾದಂಬರಿಕಾರರಲ್ಲ, ವಿಚಾರಗಳ ಗುಣಮಟ್ಟವನ್ನು ಯಾರೂ ತೂಗಿಲ್ಲ ಎಂಬ ತಕರಾರು ನನಗೂ ಇದೆ. ಆದರೂ ಸ್ಫೂರ್ತಿಗೆ ಕಾಯುವವರ ಪರವಾಗಿ ಇಷ್ಟು ಪುರಾವೆಯೂ ಇದ್ದಂತಿಲ್ಲ.

ಸಮಯ ಗೊತ್ತುಮಾಡಿಕೊಳ್ಳುವ ರೀತಿಯೂ ಮುಖ್ಯ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಕ್ರಿಸ್‌ಮಸ್ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ವರದಿ ಬರೆಯಲು ಹೇಳಿದರು. ಎಲ್ಲಿ, ಯಾವಾಗ ಕೂತು ಬರೆಯುತ್ತೇನೆಂದು ಮೊದಲೇ ಬರೆದುಕೊಟ್ಟವರಲ್ಲಿ ಕೆಲಸ ಮುಗಿಸಿದವರು, ಬರಿದೇ ‘ಬರೆಯುತ್ತೇನೆ’ ಎಂದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ‘ಈ ವರ್ಷ ಕಾದಂಬರಿ ಬರೆಯುತ್ತೇನೆ’ ಎಂಬುದು ಹಾರೈಕೆ. ‘ಬೆಳಿಗ್ಗೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಊಟದ ಮೇಜಿನ ಕಿಟಕಿ ಬದಿಯಲ್ಲಿ ಕೂರುತ್ತೇನೆ’ ಎಂದರೆ ಮನಸ್ಸನ್ನು ಕೇಳುವ ಪ್ರಮೇಯವೇ ಬರುವುದಿಲ್ಲ.

ಏಳುವಾಗಲೂ ಒಂದು ಜಾಣತನವಿದೆ. ಮುಂದೇನು ಬರೆಯಬೇಕೆಂದು ಗೊತ್ತಿರುವಾಗಲೇ ನಿಲ್ಲಿಸಿ ಎನ್ನುತ್ತಿದ್ದವರು ಹೆಮಿಂಗ್ವೇ. ಬರ್ಲಿನ್ನಿನಲ್ಲಿ ಮಾರಿಯಾ ಒವ್ಸಿಯಾಂಕಿನಾ 1928ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೊಂದುತ್ತದೆ: ಅರ್ಧಕ್ಕೆ ತಡೆದ ಕೆಲಸವನ್ನು ಜನ ಯಾರೂ ಹೇಳದೆಯೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಅಧ್ಯಾಯ ಮುಗಿಸಿ ಎದ್ದರೆ ನಾಳೆ ಮತ್ತೆ ಖಾಲಿ ಪುಟ. ಸಂಭಾಷಣೆಯ ನಡುವೆ ಎದ್ದರೆ, ಉತ್ತರ ಹೇಳಬೇಕಾದ ಪಾತ್ರವೊಂದು ಅಲ್ಲಿ ಕಾಯುತ್ತಿರುತ್ತದೆ.

ಇಷ್ಟಾದರೂ ದಿನಗಳು ತಪ್ಪುತ್ತವೆ: ಜ್ವರ, ನೆಂಟರು, ಆಫೀಸು, ಕ್ರಿಕೆಟ್. ತಪ್ಪಿದ ಮೇಲೆ ತನ್ನನ್ನೇ ಶಪಿಸಿಕೊಳ್ಳುವುದು ಶಿಸ್ತಿನ ಲಕ್ಷಣವೆಂದು ನಾವು ನಂಬಿದ್ದೇವೆ. ಕೆನಡಾದ ಮೈಕಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ 119 ವಿದ್ಯಾರ್ಥಿಗಳಲ್ಲಿ ಕಂಡದ್ದು ಬೇರೆ. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಮೇಜು ಕಹಿಯಾಗುತ್ತದೆ, ಕಹಿಯಾದಷ್ಟೂ ಪುಸ್ತಕದ ಕಪಾಟಿಗೆ ಧೂಳು ಹಿಡಿದದ್ದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನಾಲ್ಕು ದಿನ ತಪ್ಪಿದರೆ ಅಷ್ಟೂ ದಿನದ ಬಾಕಿಯನ್ನು ಐದನೆಯ ದಿನದ ತಲೆಗೆ ಕಟ್ಟುವುದು ಬೇಡ. ಆ ದಿನಕ್ಕೆ ಆ ದಿನದ ಎರಡು ಪುಟ ಸಾಕು.